ಮನೆಯಲ್ಲಿ ಮೊಂತಿ ಹಬ್ಬವನ್ನು ಆಚರಿಸುವ ಕ್ರಮ

ಕನ್ಯಾ ಮರಿಯಮ್ಮನವರ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬವು ಕರಾವಳಿಯ ಕಥೋಲಿಕರಿಗೆ ತೆನೆಹಬ್ಬವೂ ಹೌದು. ಸಿದ್ಧತೆಯನ್ನು ಆಗಸ್ಟ್ 30ರಂದು ಆರಂಭವಾಗುವ ನೊವೆನಾ ಎಂಬ ಒಂಬತ್ತು ದಿನಗಳ ಪ್ರಾರ್ಥನೆಯಿಂದಲೇ ತೊಡಗಬೇಕು. ಪ್ರತಿದಿನ ಮಕ್ಕಳ ಕೈಯಿಂದಲೇ ಹೂವು ಕೊಯ್ಯಿಸಿ, ತಟ್ಟೆಯಲ್ಲಿ ತುಂಬಿಸಿ, ಚರ್ಚಿನಲ್ಲಿ ಬಾಲ ಮರಿಯಮ್ಮನವರ ಪ್ರತಿಮೆಗೆ ಅವರೇ ಅರ್ಪಿಸಲು ಬಿಡಿ. ಪೇಟೆಯಿಂದ ತಂದ ಮಾಲೆಗಿಂತ ಬೇಲಿಯ ದಾಸವಾಳವೇ ಮೇಲೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಮಳೆಹನಿ ಇನ್ನೂ ಆರದ ಹೂವನ್ನು ತಾನೇ ಕೊಯ್ದು ತಂದ ಮಗುವಿಗೆ ಅರ್ಪಣೆ ಎಂದರೇನೆಂದು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಹಬ್ಬದ ಬಲಿಪೂಜೆಯ (ಚರ್ಚಿನ ಮುಖ್ಯ ಆರಾಧನೆಯ) ದಿನ ಗುರುಗಳು ಆಶೀರ್ವದಿಸಿ ಕೊಡುವ ಹೊಸ ತೆನೆಯನ್ನು ಮನೆಗೆ ತಂದು ಅಲ್ತಾರಿನ, ಅಂದರೆ ಪ್ರಾರ್ಥನಾ ಪೀಠದ, ಮುಂದೆ ಇಡಿ. ಊಟಕ್ಕೆ ಮೊದಲು ಕೆಲವು ಕಾಳುಗಳ ಹೊಟ್ಟನ್ನು ಉಗುರಿನಿಂದ ಬಿಡಿಸಿ, ಒಳಗಿನ ಎಳೆಯ ಅಕ್ಕಿಯನ್ನು ಅರೆದು, ಹಾಲಿಗೋ ಪಾಯಸಕ್ಕೋ ಬೆರೆಸಿ. ಮನೆಮಂದಿಯೆಲ್ಲ ಒಟ್ಟಾಗಿ ಪ್ರಾರ್ಥಿಸಿದ ಬಳಿಕ ಹಿರಿಯರು ಅದನ್ನು ಪ್ರತಿಯೊಬ್ಬರಿಗೂ ತಮ್ಮ ಕೈಯಾರೆ ಹಂಚಲಿ. ಮನೆಯವರಲ್ಲಿ ಮಾತು ಬಿಟ್ಟವರಿದ್ದರೆ ಆ ಬಟ್ಟಲನ್ನು ಹಿಡಿಯುವ ಮೊದಲೇ ರಾಜಿಯಾಗಬೇಕು. ನಂತರ ಬಾಳೆಲೆಯಲ್ಲಿ ಸಸ್ಯಾಹಾರದ ಊಟ. ಕೆಸುವಿನ ದಂಟು, ಬೆಂಡೆಕಾಯಿ, ಹರಿವೆ ಹೀಗೆ ಯಾವುದೇ ಇರಲಿ, ತರಕಾರಿ ಪದಾರ್ಥಗಳ ಸಂಖ್ಯೆ ಬೆಸವಾಗಿರುವುದು ರೂಢಿ.

ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿರುವ ಮಕ್ಕಳಿಗಾಗಿ ಒಂದಿಷ್ಟು ಕಾಳುಗಳನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಕಾಗದದಲ್ಲಿ ಮಡಚಿ, ಲಕೋಟೆಯಲ್ಲಿ ಕಳುಹಿಸಿ. ಹಬ್ಬ ಕಳೆದು ತಲುಪಿದರೂ ಅವರು ಅದನ್ನು ಅಂದಿನ ಊಟದಲ್ಲಿ ಬೆರೆಸಿಕೊಳ್ಳಬಹುದು.