ಎರೆ ಮಣ್ಣಿನ ಮೇಲಿನ ಮನೆಗೆ ಬೆಲೆ ಕಟ್ಟುವ ಮುಂಚೆ ನಾನು ಗುಂಡಿ ತೋಡಿಸುವುದು ಯಾಕೆ

ಸಾಲ ಕೊಡುವ ಮುಂಚೆ ಮನೆಗೆ ಬೆಲೆ ಕಟ್ಟಲು ಬ್ಯಾಂಕು ಇಟ್ಟುಕೊಂಡ ಪಟ್ಟಿಯಲ್ಲಿ, ಅಂದರೆ ಪ್ಯಾನೆಲ್‌ನಲ್ಲಿ, ನನ್ನ ಹೆಸರಿದೆ. ಸಿಂಧನೂರು ಕಡೆಯ ಒಂದು ಎರಡಂತಸ್ತಿನ ಮನೆಗೆ ನಾನು 6 ಲಕ್ಷ ಕಡಿಮೆ ಬರೆದಾಗ ಪ್ಯಾನೆಲ್‌ನ ಹಿರಿಯರೊಬ್ಬರು ಫೋನ್ ಮಾಡಿದ್ದರು. "ನೆಲದಾಗಿನ ಪಾಯ ನಿನಗ ಹೆಂಗ ಕಾಣ್ತದಪಾ? ಗೋಡಿ ನೋಡು, ಫ್ಲೋರಿಂಗ್ ನೋಡು, ವಯಸ್ಸು ಹಿಡಿದು ಸವಕಳಿ ಕಳಿ, ಮುಗೀತು." ಕಾಲುವೆಗೆ ನೀರು ಬಿಟ್ಟು ಎರಡು ತಿಂಗಳಾಗಿರಲಿಲ್ಲ, ಆ ಮನೆಯ ನಡುಗೋಡೆ ಕೂತು ಪಕ್ಕದ ಗೋಡೆಯಲ್ಲಿ ಬೆರಳು ಹೋಗುವಷ್ಟು ಸೀಳು ಬಿಟ್ಟಿತು. ಈಗ ಎರೆ ಮಣ್ಣಿನ (ಕಪ್ಪು ಜೇಡಿ ಮಣ್ಣಿನ) ಕೇಸು ಬಂದರೆ ಅದೇ ಹಿರಿಯರು ನನ್ನ ನಂಬರ್ ಕೊಡುತ್ತಾರೆ.

ಈ ಬುದ್ಧಿ ಪುಕ್ಕಟೆ ಬಂದದ್ದಲ್ಲ. ಏಳೆಂಟು ವರ್ಷದ ಹಿಂದೆ ಮಾನ್ವಿ ಹತ್ತಿರ ಗದ್ದೆ ಮುಚ್ಚಿ ಮಾಡಿದ ಲೇಔಟಿನಲ್ಲಿ ಒಂದಂತಸ್ತಿನ ಹೊಸ ಮನೆಗೆ ಪೂರ್ತಿ ಬೆಲೆ ಬರೆದುಕೊಟ್ಟಿದ್ದೆ. ಒಂದೇ ಅಂತಸ್ತು, ಭಾರ ಕಡಿಮೆ, ಪಾಯಕ್ಕೇನು ಆಗುತ್ತೆ ಎಂದುಕೊಂಡಿದ್ದೆ. ಆಗಿದ್ದು ಅದರಿಂದಲೇ. ನೆನೆದ ಎರೆ ಮಣ್ಣು ಉಬ್ಬುತ್ತೆ, ಅದನ್ನು ಅದುಮಿ ಹಿಡಿಯುವಷ್ಟು ತೂಕ ಆ ಮನೆಗಿರಲಿಲ್ಲ. ಒಂದೇ ಮಳೆಗಾಲಕ್ಕೆ ಮೂಲೆಗಳು ಎದ್ದವು, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡವು. ಸಾಲ ಕಟ್ಟುವುದು ನಿಂತಿತು, ಬ್ಯಾಂಕು ನನ್ನನ್ನು ಎಂಟು ತಿಂಗಳು ಪ್ಯಾನೆಲ್‌ನಿಂದ ಹೊರಗಿಟ್ಟಿತು. ಒಂದೂವರೆ ಲಕ್ಷದಷ್ಟು ಫೀಸು ಹೋಯಿತು. ನಮ್ಮಲ್ಲಿ ಮೊದಲು ಸೀಳುವುದು ಕಾಂಪೌಂಡ್ ಗೋಡೆ, ಶೆಡ್ಡು, ಒಂದಂತಸ್ತಿನ ಮನೆ. ಹಗುರ ಕಟ್ಟಡ ಸುರಕ್ಷಿತ ಎಂಬ ಲೆಕ್ಕವನ್ನು ಅಂದೇ ಬಿಟ್ಟೆ.

ಈಗ ನಾನು ಮಾಡುವುದು ಹೀಗೆ. ಮನೆಗೆ ಹೋದ ಕೂಡಲೇ ಸ್ಲ್ಯಾಬಿನ ಭಾರ ಯಾವ ಗೋಡೆಗೆ ಇಳಿಯುತ್ತೆ ಎಂದು ನೋಡುತ್ತೇನೆ. 12 ಅಡಿಯ ಎರಡು ಕೋಣೆಗಳ ನಡುವಿನ 9 ಇಂಚಿನ ಗೋಡೆ ಹಿಡಿಯಿರಿ. ಗೋಡೆಯ ತೂಕ, ಎರಡೂ ಕಡೆಯ ಸ್ಲ್ಯಾಬು ಸೇರಿ ಒಂದಂತಸ್ತಿಗೆ ಗೋಡೆಯ ಉದ್ದದ ಪ್ರತಿ ಅಡಿಗೆ ಹೆಚ್ಚುಕಡಿಮೆ 1 ಟನ್ ಬರುತ್ತೆ. ಎರಡಂತಸ್ತು, ಮೇಲೆ ಪಾಯದ ಸ್ವಂತ ತೂಕ ಸೇರಿದರೆ ಎರಡೂವರೆ ಟನ್. ಹೊರಗೋಡೆಗೆ ಒಂದೇ ಕಡೆಯ ಸ್ಲ್ಯಾಬು, ಭಾರ ಅಷ್ಟು ಬರಲ್ಲ. ಆದರೆ ಗೌಂಡಿಗಳು ಎಲ್ಲ ಗೋಡೆಗೂ ಒಂದೇ ಅಗಲದ ಪಾಯ ತೆಗೆಯುತ್ತಾರೆ, 3 ಅಡಿ. ಅಂದರೆ ನಡುಗೋಡೆಯ ಕೆಳಗೆ ಚದರ ಅಡಿಗೆ ಮುಕ್ಕಾಲು ಟನ್ನಿಗೂ ಮೇಲೆ. ನೆನೆದ ಎರೆ ಮಣ್ಣಿಗೆ ನಾನು ಅರ್ಧ ಟನ್ನಿಗಿಂತ ಹೆಚ್ಚು ಹಿಡಿಯಲ್ಲ. ಸಿಂಧನೂರಿನ ಮನೆಯಲ್ಲಿ ನಡುಗೋಡೆಯೇ ಕೂತದ್ದು ಇದರಿಂದ.

ಆಮೇಲೆ ಗುಂಡಿ. ಹೊರಮೂಲೆಯಲ್ಲಿ, ಪಾಯಕ್ಕೆ ಅರ್ಧ ಅಡಿ ಬಿಟ್ಟು, ಎರಡು ಅಡಿ ಅಗಲ. ಕೂಲಿ 500, ಮುಚ್ಚುವುದು ಸೇರಿ. ಪಾಯದ ತಳಕ್ಕಿಂತ ಕೆಳಗೆ ಮಾತ್ರ ತೋಡಿಸಬೇಡಿ. ನನ್ನ ಫೀಸೇ 2,500, ಅದರಲ್ಲಿ ಕೂಲಿಯೂ ಪೆಟ್ರೋಲೂ ಹೋದರೆ ಉಳಿಯುವುದು ಕಡಿಮೆ. ಮೊದಲ ವರ್ಷ ಪೂರ್ತಿ ಕೈಯಿಂದಲೇ ಹಾಕಿದೆ. ಸಿಂಧನೂರಿನ ಎಸ್ಟಿಮೇಟಿನಲ್ಲಿ ಪಾಯ 6 ಅಡಿ ಆಳ, ಗರಸಿನ (ಗಟ್ಟಿ ಕಲ್ಲುಮಿಶ್ರಿತ ಮಣ್ಣಿನ) ಮೇಲೆ ಎಂದು ಬರೆದಿತ್ತು. ಗುಂಡಿಯಲ್ಲಿ ಸಿಕ್ಕದ್ದು ಮೂರೂಕಾಲು ಅಡಿ, ಕೆಳಗೆ ಅಪ್ಪಟ ಎರೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಹೊಲದಲ್ಲಿ ಸರಳು ಇಳಿಬಿಟ್ಟು ಬಿರುಕಿನ ಆಳ ನೋಡಿದವರಿಗೆ ಮೂರು ಅಡಿ ಪಾಯದ ಬೆಲೆ ಏನೆಂದು ಹೇಳಬೇಕಿಲ್ಲ.

ಲೆವೆಲ್ ಪೈಪ್ (ಮಟ್ಟ ನೋಡುವ ನೀರು ತುಂಬಿದ ಪೈಪು) ಎಲ್ಲರೂ ಹಿಡಿಯುತ್ತಾರೆ, ಆದರೆ ಹೆಚ್ಚಿನವರು ಫ್ಲೋರಿಂಗ್ ಮೇಲೆ ಹಿಡಿಯುತ್ತಾರೆ. ನಾನೂ ಹಾಗೇ ಹಿಡಿದು ಎರಡು ಒಳ್ಳೆಯ ಮನೆಗಳಿಗೆ ಕೆಟ್ಟ ರಿಪೋರ್ಟ್ ಬರೆದಿದ್ದೆ. ಆಮೇಲೆ ನೋಡಿದರೆ ಅದು ಗೌಂಡಿ ನೀರು ಹರಿಯಲೆಂದು ಕೊಟ್ಟ ಇಳುಕಲು. ಪ್ಲಿಂತ್ (ಪಾಯದ ಮೇಲಂಚು) ಮಟ್ಟದಲ್ಲೂ ಹಿಡಿಯಬೇಕು, ಸ್ಲ್ಯಾಬಿನ ಅಡಿಯಲ್ಲೂ ಹಿಡಿಯಬೇಕು. ಎರಡೂ ಒಂದೇ ಕಡೆ, ಒಂದೇ ಅಳತೆಯಲ್ಲಿ ಇಳಿದಿದ್ದರೆ ಮನೆಯೇ ಕೂತಿದೆ. ಹೊಸ ಬಣ್ಣ ಬಳಿದ ಸೀಳನ್ನು ಟಾರ್ಚ್ ಬೆಳಕಿಲ್ಲದೆ ಹುಡುಕುವುದು ನನಗೆ ಗೊತ್ತು, ಅದನ್ನು ಇಲ್ಲಿ ಬರೆಯಲ್ಲ. ಗೌಂಡಿಯ ಬಾಯಿಂದ ಪಾಯದ ನಿಜವಾದ ಆಳ ಹೊರಡಿಸುವುದೂ ನನ್ನ ಹತ್ತಿರವೇ ಇರಲಿ.

ಸೀಳು ಹಳೆಯದೋ ಜೀವಂತವೋ ತಿಳಿಯಲು ಅದರ ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಅಂಟಿಸುತ್ತೇನೆ, ಸೀಳು ಬೆಳೆಯುತ್ತಿದ್ದರೆ ಗಾಜು ಒಡೆಯುತ್ತೆ. ಮೊದಲು ಪ್ಲಾಸ್ಟರಿನ ಮೇಲೇ ಅಂಟಿಸಿದ್ದೆ, ಪ್ಲಾಸ್ಟರೇ ಕಿತ್ತು ಬಂತು, ಗಾಜು ಸುಖವಾಗಿತ್ತು. ಇಟ್ಟಿಗೆ ಕಾಣುವವರೆಗೆ ಕೆರೆದು ಅಂಟಿಸಬೇಕು. ಬ್ಯಾಂಕಿಗೆ ನಾಲ್ಕು ದಿನದಲ್ಲಿ ರಿಪೋರ್ಟ್ ಬೇಕು, ಗಾಜಿಗೆ ಒಂದು ಮಳೆಗಾಲ ಬೇಕು. ಸಿಂಧನೂರಿನ ಮನೆಗೆ ಸಾಲವನ್ನು ಕಂತಿನಲ್ಲಿ ಬಿಡಿ ಎಂದು ಬರೆದೆ, ಮ್ಯಾನೇಜರ್ ಒಪ್ಪಿದರು. ಸಾಲ ಕೇಳಿದ ಪಾರ್ಟಿ ಆರು ವಾರ ನನ್ನನ್ನು ಮಾತಾಡಿಸಲಿಲ್ಲ. ಮೂರು ಗಾಜಿನಲ್ಲಿ ಎರಡು ಒಡೆದವು.

ಇದರ ನಡುವೆ ಮಣ್ಣನ್ನೂ ಪರೀಕ್ಷೆ ಮಾಡಿದೆ. 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಒಣ ಮಣ್ಣು 10 ಗ್ರಾಂ ಒಂದು ಅಳತೆ ಜಾಡಿಯ ನೀರಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಗೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ. 24 ಗಂಟೆ ಬಿಟ್ಟು ಎರಡರ ಎತ್ತರ ಹೋಲಿಸಬೇಕು. ಜಾಡಿಗಳಿಗೆ 700 ರೂಪಾಯಿ ಆಯಿತು, ಸೀಮೆಎಣ್ಣೆ ಹುಡುಕುವುದೇ ದೊಡ್ಡ ಕೆಲಸವಾಯಿತು. ಮಾನ್ವಿಯ ಮಣ್ಣು ಸೀಮೆಎಣ್ಣೆಯಲ್ಲಿ 10 ಮಿಲಿ ಚಿಲ್ಲರೆ ನಿಂತಿತು, ನೀರಿನಲ್ಲಿ 20 ದಾಟಿತು. ರಾಯಚೂರು ಕೋಟೆಗುಡ್ಡದ ಬದಿಯ ಗರಸು ಎರಡರಲ್ಲೂ ಒಂದೇ. ಆ ಕೋಟೆಯಲ್ಲಿ 1294ರ ಶಾಸನವಿರುವ 41 ಅಡಿ ಉದ್ದದ ಕಲ್ಲು ಗೋಡೆಯಲ್ಲಿ ಇಂದಿಗೂ ಕೂತಿರುವುದನ್ನು ನೋಡಿದಾಗಲೆಲ್ಲ ಕೆಳಗಿನ ಬಂಡೆ ನೆನಪಾಗುತ್ತೆ. ಅಲ್ಲಿ ಮೂರು ಅಡಿ ಪಾಯಕ್ಕೆ ನಾನು ಪೈಸೆ ಕಡಿತ ಮಾಡಲ್ಲ.

ಎಸ್ಟಿಮೇಟಿನಲ್ಲಿ ಅಂಡರ್ ರೀಮ್ಡ್ ಪೈಲ್ (ತಳ ಬಲ್ಬಿನಂತೆ ಅಗಲಿಸಿ ಆಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬ) ಎಂದಿದ್ದರೆ ಖುಷಿಪಡಬೇಡಿ. ಆಗರ್ (ನೆಲ ಕೊರೆಯುವ ಸಾಧನ) ತಂದವನ ಬಿಲ್ಲು ಕೇಳಿ, ತಳದ ಬಲ್ಬಿನ ಫೋಟೋ ಕೇಳಿ. ಎರೆ ಮಣ್ಣಿನಲ್ಲಿ ಪೈಲು ಕನಿಷ್ಠ ಮೂರೂವರೆ ಮೀಟರ್ ಇಳಿಯಬೇಕು, ಬಲ್ಬು ಕಂಬದ ಎರಡೂವರೆ ಪಟ್ಟು ಅಗಲವಿರಬೇಕು. ಗ್ರೇಡ್ ಬೀಮಿನ (ಪೈಲುಗಳ ತಲೆ ಜೋಡಿಸಿ ಗೋಡೆ ಹೊರುವ ಬೀಮಿನ) ಕೆಳಗೆ ಮಣ್ಣು ಉಬ್ಬಲು ಜಾಗ ಬಿಟ್ಟಿದ್ದಾರಾ ನೋಡಿ. ಬೀಮು ಮಣ್ಣಿಗೇ ಕೂತಿದ್ದರೆ ಉಬ್ಬಿದ ಮಣ್ಣು ಅದನ್ನೇ ಮೇಲಕ್ಕೆ ಒತ್ತುತ್ತೆ, ಪೈಲಿಗೆ ಹಾಕಿದ ದುಡ್ಡು ನೀರುಪಾಲು. ನಾನು ನೋಡಿದ ಐದಾರು ಕಡೆ ಜಾಗ ಬಿಟ್ಟಿದ್ದು ಒಂದೇ ಕಡೆ.

ಹೋದ ವಾರ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಗೋದಾಮಿಗೆ ನಾಲ್ಕು ಗಾಜು ಅಂಟಿಸಿ ಬಂದೆ. ಗೋಡೆ ಹಗುರ, ಒಳಗಿನ ಚೀಲಗಳ ಭಾರವೆಲ್ಲ ನೆಲಕ್ಕೇ. ಪಕ್ಕದ ಉಪಕಾಲುವೆಗೆ ನೀರು ಬಂದ ಮೇಲೆ ಮತ್ತೆ ಹೋಗುತ್ತೇನೆ.