ಸಂದುಗಳಲ್ಲಿ ಸೋರುವ ಹೊತ್ತು

ಸಣ್ಣ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ, ಅದೂ ಮನೆಯಿಂದಲೇ. ಮೇಲೆ ಸಾಹೇಬರಿಲ್ಲ, ತಾರೀಖುಗಳಿವೆ. ತಿಂಗಳ ರಿಟರ್ನ್‌ನವರಿಗೆ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್), ನಡುವೆ 14ಕ್ಕೆ 2ಬಿ (ಅಂಗಡಿಗೆ ಮಾಲು ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಜಿಎಸ್‌ಟಿ ಪೋರ್ಟಲಿನಲ್ಲಿ ಸಿದ್ಧವಾಗುತ್ತದೆ. ಹತ್ತನೇ ತಾರೀಖು ರಾತ್ರಿ ನಿದ್ದೆಗೆಟ್ಟು ಮಾಡುವ ಕೆಲಸ ನಾಲ್ಕನೇ ತಾರೀಖು ಹಗಲಿನಲ್ಲೇ ಏಕೆ ಆಗುವುದಿಲ್ಲ ಎಂದು ಕೆದಕಿದರೆ, ಹೆಚ್ಚಿನವರು ಮೊಬೈಲನ್ನೇ ಬೈಯುತ್ತಾರೆ. ಆದರೆ ಟ್ಯಾಲಿಗೆ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬಿಲ್ಲು ಸರಾಗವಾಗಿ ಏರಿಸುತ್ತಿರುವಾಗ ರೀಲ್ಸ್ ನೋಡಬೇಕು ಅನಿಸುವುದು ಕಡಿಮೆ. ಒಂದು ಕೆಲಸ ಮುಗಿದು ಇನ್ನೊಂದು ಹಿಡಿಯುವ ಸಂದಿನಲ್ಲಿ, ಇಲ್ಲವೇ ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡಾಗ ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ನಾನು ಹಿಡಿಯುವುದು ಆ ಸಂದನ್ನು.

ಹಿಡಿಯಲು ಒಂದು ಗೆರೆ ನೋಟ್‌ಬುಕ್ ಸಾಕು. ಆ್ಯಪ್ ಬೇಡ, ಅದನ್ನು ತೆರೆಯಲು ಮೊಬೈಲ್ ಎತ್ತಬೇಕು, ಎತ್ತಿದ್ದು ಬೇಗ ಕೆಳಗಿಳಿಯುವುದಿಲ್ಲ. ಪುಟಕ್ಕೆ ಮೂರು ಕಾಲಂ: ಎಷ್ಟು ಗಂಟೆ, ಏನು ಹಿಡಿದೆ, ಯಾಕೆ ಬಿಟ್ಟೆ. ಕೆಲಸ ಬದಲಾದಾಗ ಮಾತ್ರ ಒಂದು ಸಾಲು. ಹದಿನೈದು ನಿಮಿಷಕ್ಕೊಮ್ಮೆ ಬರೆಯುವವರೂ ಇದ್ದಾರೆ, ಆದರೆ ಅದಕ್ಕೆ ಅಲಾರಂ ಬೇಕು, ಅಲಾರಮ್ಮೇ ಇನ್ನೊಂದು ಅಡ್ಡಿ. ಪುಟ ಹೀಗಿರುತ್ತದೆ:

10.05 – ಹಾರ್ಡ್‌ವೇರ್ ಅಂಗಡಿ, ಖರೀದಿ ಬಿಲ್ಲು – ಒಂದರಲ್ಲಿ ಜಿಎಸ್‌ಟಿ ನಂಬರ್ ಅಳಿಸಿದೆ, ಕೇಳಲು ವಾಟ್ಸ್ಯಾಪ್ ತೆಗೆದೆ
10.20 – ವಾಟ್ಸ್ಯಾಪ್ – ಕೇಳುವುದು ಬಿಟ್ಟು ಗ್ರೂಪ್ ನೋಡಿದೆ
10.50 – ಮತ್ತೆ ಟ್ಯಾಲಿ – ಎಲ್ಲಿಗೆ ನಿಲ್ಲಿಸಿದ್ದೆ ತಿಳಿಯಲಿಲ್ಲ

ಇಲ್ಲಿ ಅರ್ಧ ಗಂಟೆ ತಿಂದದ್ದು ವಾಟ್ಸ್ಯಾಪ್ ನಿಜ, ಆದರೆ ಅಲ್ಲಿಗೆ ಕಳಿಸಿದ್ದು ಅಳಿಸಿಹೋದ ನಂಬರ್. ಮೂರನೇ ಕಾಲಂ ಇಲ್ಲದಿದ್ದರೆ ಇದು ಗೊತ್ತಾಗುವುದೇ ಇಲ್ಲ. ಆ ಕ್ಷಣಕ್ಕೇ ಬರೆಯಬೇಕು. ರಾತ್ರಿ ನೆನಪಿಸಿಕೊಂಡು ಬರೆದರೆ ಇಡೀ ದಿನ ದುಡಿದಂತೆ ಕಾಣುತ್ತದೆ. ಮೊದಲ ದಿನದ ಪುಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಪುಸ್ತಕ ನೋಡುತ್ತಿದೆ ಎಂದು ನಾವು ಅಂದು ಸಭ್ಯರಾಗಿರುತ್ತೇವೆ. ಒಂದು ವಾರ ಬರೆಯಿರಿ, ಅದರಲ್ಲಿ ಗಡುವಿನ ದಿನವೂ ಇರಲಿ, ಸಾದಾ ದಿನವೂ ಇರಲಿ.

ವಾರದ ಕೊನೆಗೆ ಕೆಂಪು ಪೆನ್ನಿನಲ್ಲಿ ಮೂರನೇ ಕಾಲಮ್ಮಿಗೆ ಗುರುತು: ಅನುಮಾನಕ್ಕೆ ‘ಅ’, ಕಾಯುವುದಕ್ಕೆ ‘ಕಾ’, ಹುಡುಕಾಟಕ್ಕೆ ‘ಹು’, ಮುಂದೇನು ತಿಳಿಯದ್ದಕ್ಕೆ ‘ಮುಂ’, ಬೇರೆಯವರು ಕರೆದದ್ದಕ್ಕೆ ‘ಕ’. ನಿಮಿಷ ಕೂಡಿಸಬೇಡಿ, ಗುರುತು ಎಣಿಸಿ. ಊಟವಾದ ಮೇಲೆ ಒಂದು ಗಂಟೆ ಮಲಗಿದರೆ ಹೋಗುವುದು ಆ ಒಂದು ಗಂಟೆ ಮಾತ್ರ. ಎರಡೆರಡು ನಿಮಿಷದ ಹತ್ತು ಅಡ್ಡಿಗಳಾದರೆ ಹತ್ತು ಸಲವೂ ‘ಎಲ್ಲಿದ್ದೆ?’ ಎಂದು ತಡಕಾಡಬೇಕು.

‘ಅ’ಗೆ ಮದ್ದು ಸುಲಭ. ಅನುಮಾನದ ಬಿಲ್ಲು ಬಂದರೆ ಅಲ್ಲೇ ಕೇಳಲು ಹೋಗುವುದಿಲ್ಲ. ಟ್ಯಾಲಿಯಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿ ಆ ವೋಚರನ್ನು (ಬಿಲ್ಲಿನ ನಮೂದನ್ನು) ಆಪ್ಷನಲ್, ಅಂದರೆ ತಾತ್ಕಾಲಿಕ, ಮಾಡಿ ಮುಂದಕ್ಕೆ ಹೋಗುತ್ತೇನೆ. ಅದು ಲೆಡ್ಜರಿಗೆ (ಖಾತೆ ಪುಸ್ತಕಕ್ಕೆ) ಸೇರುವುದಿಲ್ಲ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಟ್ಟು, ಹನ್ನೆರಡೂವರೆಗೆ ಎಲ್ಲವನ್ನೂ ಒಂದೇ ಫೋನಿನಲ್ಲಿ ಕೇಳುತ್ತೇನೆ. ಎಡವುವುದು ಎಲ್ಲಿ ಅಂದರೆ, ಉತ್ತರ ಬಂದ ಮೇಲೂ ವೋಚರ್ ಆಪ್ಷನಲ್ ಆಗಿಯೇ ಉಳಿದು 2ಬಿ ಜೊತೆ ತಾಳೆಯಾಗದಿರುವುದು. ಹಾಗಾಗಿ ತಾಳೆ ನೋಡುವ ಮೊದಲು ಆಪ್ಷನಲ್ ವೋಚರುಗಳ ಪಟ್ಟಿ ಖಾಲಿ ಇರಲೇಬೇಕು.

ಈ ಕಸುಬಿನಲ್ಲಿ ಅತಿ ದೊಡ್ಡ ಸೋರಿಕೆ ‘ಕಾ’. ಇವಿಸಿ (ಓಟಿಪಿ ಕೊಟ್ಟು ದೃಢೀಕರಿಸುವ ವಿಧಾನ) ಮೂಲಕ ಫೈಲ್ ಮಾಡಿದರೆ ಓಟಿಪಿ ಹೋಗುವುದು ಅಂಗಡಿ ಮಾಲೀಕರ ಮೊಬೈಲಿಗೆ. ಅವರು ಗಿರಾಕಿಗಳ ನಡುವೆ ಇರುತ್ತಾರೆ, ನಾವು ಪರದೆ ನೋಡುತ್ತಾ ಕೂರುತ್ತೇವೆ. ಕೂತವರ ಕೈಗೆ ಮೊಬೈಲ್ ಬಂದೇ ಬರುತ್ತದೆ. ಆದ್ದರಿಂದ ಒಂದೊಂದೇ ರಿಟರ್ನ್ ಕೊನೆ ಮುಟ್ಟಿಸುವುದನ್ನು ಬಿಡಿ. 3ಬಿಗಳನ್ನೆಲ್ಲ ಫೈಲ್ ಬಟನ್ನಿನ ಹಿಂದಿನ ಹಂತದವರೆಗೆ ತಯಾರು ಮಾಡಿ, 18ರ ಮಧ್ಯಾಹ್ನ, ಅಂಗಡಿಯಲ್ಲಿ ಜನ ಕಡಿಮೆಯಿರುವ ಎರಡೂವರೆಯಿಂದ ನಾಲ್ಕರ ನಡುವೆ ಸಾಲಾಗಿ ಮುಗಿಸಿ. ಹಿಂದಿನ ದಿನವೇ ಫೋನ್ ಮಾಡಿ: “ಅಣ್ಣಾ, ನಾಳೆ ಮೂರು ಗಂಟೆಗೆ ನಿಮಗೆ ಓಟಿಪಿ ಬರುತ್ತೆ. ನಾನೇ ಫೋನ್ ಮಾಡ್ತೀನಿ, ಆಗ ಓದಿ ಹೇಳಿ. ಬೇರೆ ಯಾರಿಗೂ ಹೇಳಬೇಡಿ.” ಇಷ್ಟು ಹೇಳಿದ್ದರೆ ಓಟಿಪಿ ಕೇಳಿದ ಕೂಡಲೇ ಅವರಿಗೆ ಬರುವ ಸಂಶಯವೂ ಇರುವುದಿಲ್ಲ. 20ರ ಸಂಜೆಗೆ ಇಟ್ಟುಕೊಂಡರೆ ಪೋರ್ಟಲ್ ತೆವಳುವುದನ್ನೂ ಕಾಯಬೇಕು.

‘ಹು’ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬಿಲ್ಲಿನ ಫೋಟೋ ವಾಟ್ಸ್ಯಾಪಿನಲ್ಲೇ ಉಳಿದರೆ ಪ್ರತಿ ಸಲ ಮೇಲಕ್ಕೆ ಜಾರಿಸುತ್ತಾ ಹುಡುಕಬೇಕು. ದಿನಕ್ಕೊಮ್ಮೆ ಕಂಪ್ಯೂಟರಿನಲ್ಲಿ ವಾಟ್ಸ್ಯಾಪ್ ವೆಬ್ ತೆರೆದು, ಪಾರ್ಟಿ (ಅಂಗಡಿ) ಹೆಸರು, ತಿಂಗಳು ಎಂಬ ಫೋಲ್ಡರಿಗೆ ಇಳಿಸಿಬಿಡಿ. ಕೆಲಸದ ನಂಬರ್ ಬೇರೆ ಇದ್ದರೆ ಒಳ್ಳೆಯದು. ನೆಂಟರ, ಶಾಲೆಯ, ಬಡಾವಣೆಯ ಗ್ರೂಪುಗಳನ್ನು ‘ಯಾವಾಗಲೂ’ ಮ್ಯೂಟ್ ಮಾಡಿ ಆರ್ಕೈವಿಗೆ ತಳ್ಳಿ. ಎಂಟು ಗಂಟೆಯ ಮ್ಯೂಟ್ ಮರುದಿನ ಬೆಳಿಗ್ಗೆಗೆ ಮುಗಿದುಹೋಗಿರುತ್ತದೆ.

‘ಮುಂ’ಗೆ ಮದ್ದು ಎದ್ದೇಳುವ ಮುಂಚೆಯೇ ಇದೆ. ಚಹಾಕ್ಕೋ ಊಟಕ್ಕೋ ಏಳುವಾಗ ಮುಂದಿನ ಸಾಲನ್ನು ಬರೆದಿಟ್ಟು ಏಳಿ. ‘ಮೆಡಿಕಲ್ ಸ್ಟೋರ್ ಕೆಲಸ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಮೆಡಿಕಲ್ ಸ್ಟೋರ್, ಬ್ಯಾಂಕ್ ಸ್ಟೇಟ್‌ಮೆಂಟ್, 17ನೇ ತಾರೀಖಿನಿಂದ’ ಎಂದಿರಬೇಕು. ಒಂದು ಪಾರ್ಟಿಯ ಲೆಕ್ಕ ಪೂರ್ತಿ ಮುಗಿಸಿ ಏಳುವುದಕ್ಕಿಂತ, ಇನ್ನೊಂದರ ನಾಲ್ಕು ಬಿಲ್ಲು ಏರಿಸಿ ಅರ್ಧಕ್ಕೆ ಬಿಟ್ಟು ಏಳುವುದು ವಾಸಿ. ವಾಪಸ್ ಬಂದಾಗ ಶುರು ಮಾಡುವ ಸಂಕಟವಿರುವುದಿಲ್ಲ.

ಇಪ್ಪತ್ತೈದು ನಿಮಿಷ ದುಡಿದು ಐದು ನಿಮಿಷ ವಿರಾಮ ಕೊಡುವ ಪೊಮೊಡೊರೊ ಪದ್ಧತಿ ಬಿಲ್ಲು ಏರಿಸಲು ಚೆನ್ನಾಗಿ ಒಗ್ಗುತ್ತದೆ. 2ಬಿ ತಾಳೆಗೆ ಒಗ್ಗುವುದಿಲ್ಲ. ಲೆಕ್ಕ ತಲೆಗೆ ಹತ್ತುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ. ಅದಕ್ಕೆ ಒಂದೂವರೆ ಗಂಟೆ ಒಟ್ಟಿಗೆ ಎತ್ತಿಟ್ಟುಕೊಂಡು, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಮನೆಯವರ ನಂಬರುಗಳಷ್ಟೇ ರಿಂಗ್ ಆಗುವಂತೆ ಡು ನಾಟ್ ಡಿಸ್ಟರ್ಬ್ ಹಾಕಿ. ‘ಕ’ಗೆ ಮದ್ದೂ ಇದೇ. ಬದಲಾವಣೆ ಆಗಿದೆಯೇ ನೋಡಲು ಆಂಡ್ರಾಯ್ಡಿನ ಡಿಜಿಟಲ್ ವೆಲ್‌ಬೀಯಿಂಗಿನಲ್ಲಿ ಎಷ್ಟು ಗಂಟೆ ಬಳಸಿದಿರಿ ಎನ್ನುವುದನ್ನು ಬಿಟ್ಟು, ಎಷ್ಟು ಸಲ ಅನ್‌ಲಾಕ್ ಮಾಡಿದಿರಿ ಎನ್ನುವುದನ್ನು ನೋಡಿ. ಸಂದುಗಳ ಲೆಕ್ಕ ಅಲ್ಲಿದೆ.

ನೋಟ್‌ಬುಕ್ಕಿನಿಂದ ಇನ್ನೊಂದು ಉಪಯೋಗವೂ ಇದೆ. ‘ಅ’ ಮತ್ತು ‘ಕಾ’ ಗುರುತುಗಳ ಪಕ್ಕದಲ್ಲಿ ಪಾರ್ಟಿಯ ಹೆಸರು ಬರೆಯುತ್ತಾ ಹೋದರೆ ಅವೇ ಎರಡು ಮೂರು ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ. ಮಸುಕು ಫೋಟೋ ಕಳಿಸುವವರು, ಒಂಬತ್ತನೇ ತಾರೀಖಿಗೆ ಬಿಲ್ಲಿನ ಕಂತೆ ತರುವವರು ಅವರೇ. ಏಪ್ರಿಲ್‌ನಲ್ಲಿ ಹೊಸ ವರ್ಷದ ಫೀಸು ಮಾತಾಡುವಾಗ ನಾನು ಆ ಪುಟಗಳನ್ನು ಎದುರಿಗಿಡುತ್ತೇನೆ: ಐದನೇ ತಾರೀಖಿನೊಳಗೆ ಬಿಲ್ಲು ಬಂದರೆ ಒಂದು ದರ, ಆಮೇಲೆ ಬಂದರೆ ಇನ್ನೊಂದು.