ಬಂದರಿನ ಗೋಡೆಗೆ ಕಟ್ಟಿದ ದೋಣಿಯಲ್ಲಿ ನಿದ್ದೆ ಮಾಡುವುದು ಹೇಗೆ?

ಗೋಡೆ ಅಲ್ಲಾಡುವುದಿಲ್ಲ. ಅದಕ್ಕೆ ಕಟ್ಟಿದ ದೋಣಿ ಮಾತ್ರ ರಾತ್ರಿಯಿಡೀ ಏರುತ್ತ ಇಳಿಯುತ್ತ ಇರುತ್ತದೆ. ಅಲ್ಲಿ ಮಲಗಿದವರ ನಿದ್ದೆ ಹಾಸಿಗೆಯಿಂದ ಕೆಡುವುದು ಅಪರೂಪ. ಹಗ್ಗ ಗಿಡ್ಡವಾಗಿರುತ್ತದೆ, ಇಲ್ಲವೇ ಎಲ್ಲೋ ಏನೋ ಬಡಿಯುತ್ತಿರುತ್ತದೆ. ಎರಡನ್ನೂ ಕತ್ತಲಾಗುವ ಮೊದಲೇ ಸರಿಮಾಡಬಹುದು.

ಮೊದಲು ನೀರಿನ ಲೆಕ್ಕ

ಉಬ್ಬರವಿಳಿತದ ಪಟ್ಟಿಯಲ್ಲಿ ಆ ರಾತ್ರಿ ನೀರು ಎಷ್ಟು ಮೀಟರ್ ಇಳಿಯುತ್ತದೆ, ಯಾವ ಹೊತ್ತಿಗೆ ಎಂದು ನೋಡಿಕೊಳ್ಳಿ. ದಿನಕ್ಕೆರಡು ಉಬ್ಬರವಿರುವ ಕಡೆ ತುಂಬು ಉಬ್ಬರದಿಂದ ಪೂರ್ತಿ ಇಳಿತಕ್ಕೆ ಸುಮಾರು 6 ಗಂಟೆ 12 ನಿಮಿಷ. ನೀರು ಒಂದೇ ಸಮನೆ ಇಳಿಯುವುದಿಲ್ಲ. ಒಟ್ಟು ಇಳಿತವನ್ನು 12 ಪಾಲು ಮಾಡಿದರೆ, ಗಂಟೆಗಂಟೆಗೆ ಸರಿಸುಮಾರು 1, 2, 3, 3, 2, 1 ಪಾಲಿನಂತೆ ಇಳಿಯುತ್ತದೆ. ರಾತ್ರಿ 10ಕ್ಕೆ ಉಬ್ಬರ, 4 ಮೀಟರ್ ಇಳಿತ ಎಂದಿಟ್ಟುಕೊಳ್ಳಿ. 12ರಿಂದ 2ರೊಳಗೆ, ನಿದ್ದೆ ಹತ್ತಿದ ಹೊತ್ತಿನಲ್ಲೇ, ದೋಣಿ 2 ಮೀಟರ್ ಕೆಳಗೆ ಹೋಗಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು.

ಹಗ್ಗ ಉದ್ದವಿರಲಿ

ಪಕ್ಕದ ಕಬ್ಬಿಣದ ಬಳೆಗೇ ಬಿಗಿದು ಕಟ್ಟಿದರೆ ನೋಡಲು ಅಚ್ಚುಕಟ್ಟು. ನೀರಿಳಿದ ಮೇಲೆ ದೋಣಿ ಅದೇ ಹಗ್ಗಕ್ಕೆ ನೇತುಬೀಳುತ್ತದೆ. ಕ್ಲೀಟ್ (ಹಗ್ಗ ಸುತ್ತಲು ದೋಣಿಯ ಮೇಲಿರುವ ಎರಡು ಕೊಂಬಿನ ಗೂಟ) ಕಿತ್ತು ಬಂದರೂ ಬಂತು.

ಮುಂದಿನ ಹಗ್ಗವನ್ನು ದೋಣಿಯ ಮೂತಿಗಿಂತ ಬಹಳ ಮುಂದಕ್ಕೆ, ಹಿಂದಿನದನ್ನು ಅಷ್ಟೇ ಹಿಂದಕ್ಕೆ ಒಯ್ದು ಕಟ್ಟಿ. ಇಳಿತದ ಕನಿಷ್ಠ ಮೂರು ಪಟ್ಟು ಉದ್ದ ಬೇಕು. 4 ಮೀಟರ್ ಇಳಿತಕ್ಕೆ 12 ಮೀಟರ್. ಏಕೆನ್ನುವುದಕ್ಕೆ ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜವೇ ಸಾಕು. 12 ಮೀಟರ್ ಹಗ್ಗದ ಒಂದು ತುದಿ 4 ಮೀಟರ್ ಕೆಳಗಿಳಿದರೂ ಅಡ್ಡಕ್ಕೆ 11.3 ಮೀಟರ್ ಚಾಚುತ್ತದೆ. ಉಬ್ಬರದಲ್ಲಿ ಸಡಿಲ ಬೀಳುವುದು 70 ಸೆಂಟಿಮೀಟರ್ ಅಷ್ಟೇ. 5 ಮೀಟರ್ ಹಗ್ಗ ಚಾಚುವುದು ಬರೀ 3 ಮೀಟರ್. ಉಬ್ಬರದಲ್ಲಿ ಅದು 2 ಮೀಟರ್ ಸಡಿಲವಾಗಿ, ದೋಣಿ ಬೇಕೆಂದತ್ತ ಅಲೆಯುತ್ತದೆ.

ಇನ್ನೆರಡು ಹಗ್ಗ ಸ್ಪ್ರಿಂಗ್‌ಗಳು: ಒಂದು ದೋಣಿಯ ಮುಂಭಾಗದಿಂದ ಹಿಂದಕ್ಕೆ ಗೋಡೆಗೆ, ಇನ್ನೊಂದು ಹಿಂಭಾಗದಿಂದ ಮುಂದಕ್ಕೆ. ದೋಣಿ ಹಿಂದೆಮುಂದೆ ಜೀಕುವುದನ್ನು ತಡೆಯುವುದು ಇವೇ. ಪ್ರತಿಯೊಂದೂ ದೋಣಿಯ ಉದ್ದಕ್ಕಿಂತ ತುಸು ಹೆಚ್ಚಿರಬೇಕು. ಗೋಡೆಗೆ ನೇರ ಅಡ್ಡಲಾಗಿ ಎಳೆಯುವ ಗಿಡ್ಡ ಹಗ್ಗ ಬೇಡವೇ ಬೇಡ.

ನೈಲಾನ್ ಹಗ್ಗ ಹಿಗ್ಗುವುದರಿಂದ ಜಗ್ಗಿದಾಗ ಹೊಡೆತ ಮೆತ್ತಗಾಗುತ್ತದೆ. ಕುಣಿಕೆ ಗೋಡೆಯ ಮೇಲಿರಲಿ. ಸಡಿಲಿಸುವ ತುದಿ ದೋಣಿಯ ಕ್ಲೀಟ್‌ಗೆ ಬರಲಿ. ಭಾರ ಬಿದ್ದ ಗಂಟನ್ನು ನಡುರಾತ್ರಿ ಬಿಚ್ಚಲಾಗುವುದಿಲ್ಲ, ಕ್ಲೀಟ್‌ಗೆ ಸುತ್ತಿದ್ದನ್ನು ಸಡಿಲಿಸಬಹುದು. ಗೋಡೆಯ ಅಂಚಿಗೆ ಉಜ್ಜುವ ಕಡೆ ಹಗ್ಗವನ್ನು ಹಳೆಯ ನೀರಿನ ಪೈಪಿನೊಳಗೆ ತೂರಿಸಿ. ಕಲ್ಲಿನಂಚು ಒಂದೇ ರಾತ್ರಿಯಲ್ಲಿ ಒಂದು ಎಳೆಯನ್ನು ತಿಂದುಹಾಕಬಲ್ಲದು. ಉಬ್ಬರದ ಸಡಿಲ ಕಿರಿಕಿರಿಯಾದರೆ ಹಗ್ಗದ ನಡುವೆ ನೀರು ತುಂಬಿದ ಬಕೆಟ್ ತೂಗುಹಾಕಿ. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾಡುತ್ತದೆ.

ಫೆಂಡರ್ ಮತ್ತು ಹಲಗೆ

ಫೆಂಡರ್ ಎಂದರೆ ದೋಣಿ ಗೋಡೆಗೆ ತಾಗದಂತೆ ಅದರ ಬದಿಗೆ ತೂಗುಹಾಕುವ ಮೆತ್ತೆ. ಗೋಡೆ ನುಣುಪಾಗಿದ್ದರೆ ಫೆಂಡರ್‌ಗಳಷ್ಟೇ ಸಾಕು. ನೆಟ್ಟ ಕಂಬಗಳ ಗೋಡೆಯಾದರೆ, ದೋಣಿ ಸ್ವಲ್ಪ ಸರಿಯುತ್ತಲೇ ಫೆಂಡರ್ ಕಂಬಗಳ ಸಂದಿಗೆ ಜಾರಿ ಬರಿಯ ಒಡಲು ಕಂಬಕ್ಕೆ ತಾಗುತ್ತದೆ. ಎರಡು ಫೆಂಡರ್‌ಗಳ ಹೊರಗೆ, ಗೋಡೆಯ ಕಡೆಗೆ, ಸುಮಾರು 2 ಮೀಟರ್ ಉದ್ದದ ದಪ್ಪ ಹಲಗೆಯನ್ನು ಅಡ್ಡಲಾಗಿ ತೂಗುಹಾಕಿ. ಇಳಿತದಲ್ಲಿ ಗೋಡೆಯಿಂದ ಚಾಚಿದ ತೊಲೆಯೋ ಕಲ್ಲೋ ಕಂಡರೆ ಅಲ್ಲಿ ನಿಲ್ಲಬೇಡಿ. ನೀರೇರುವಾಗ ದೋಣಿಯಂಚು ಅದರಡಿ ಸಿಕ್ಕಿಕೊಂಡರೆ ದೋಣಿ ಮೇಲೇಳದೆ ನೀರು ಒಳಗೆ ನುಗ್ಗುತ್ತದೆ. ಗೋಡೆಯ ಏಣಿ ದೋಣಿಯ ನಡುಭಾಗಕ್ಕೆ ಸಿಗುವಂತಿರಲಿ. ಅದರ ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಇದ್ದೇ ಇರುತ್ತದೆ.

ನೀರು ಬತ್ತಿ ತಳ ಕಾಣುವ ಕಡೆ

ಇಂಥಲ್ಲಿ ಹಿಂದಿನ ಇಳಿತದಲ್ಲೇ ತಳ ನೋಡಿ: ಬಂಡೆ, ಸರಪಳಿ, ಗುಂಡಿ ಇರಬಾರದು. ದೋಣಿ ಗೋಡೆಯ ಕಡೆಗೆ ತುಸುವೇ ಒರಗಿ ಕೂರಬೇಕು. ಅದಕ್ಕಾಗಿ ಲಂಗರಿನ ಸರಪಳಿ, ನೀರಿನ ಕ್ಯಾನುಗಳನ್ನು ಗೋಡೆಯ ಬದಿಗೆ ಸರಿಸಿ. ಹೊರಕ್ಕೆ ವಾಲಿದರೆ ಬೀಳುತ್ತದೆ. ಒಳಕ್ಕೆ ಅತಿಯಾದರೆ ಹಾಯಿಕಂಬ ಗೋಡೆಗೆ ಬಡಿಯುತ್ತದೆ. ತಳ ಊರಿ ನಿಲ್ಲುವವರೆಗೆ ಯಾರೂ ಮಲಗಬಾರದು. ಸಮುದ್ರದ ನೀರಿನಿಂದ ತಣಿಯುವ ಎಂಜಿನ್ ಅಥವಾ ಜನರೇಟರನ್ನು ಆಮೇಲೆ ಚಾಲೂ ಮಾಡಬೇಡಿ. ಅತಿದೊಡ್ಡ ಉಬ್ಬರದ ನೆತ್ತಿಯಲ್ಲಿ ತಳ ಊರುವುದೂ ಬೇಡ. ಮರುದಿನದ ನೀರು ಅಷ್ಟೆತ್ತರಕ್ಕೆ ಬರದಿದ್ದರೆ ಮುಂದಿನ ದೊಡ್ಡ ಉಬ್ಬರಕ್ಕೆ ಎರಡು ವಾರ ಕಾಯಬೇಕಾಗುತ್ತದೆ.

ಸದ್ದು ಹುಡುಕಿ

ದೀಪ ಆರಿಸಿ ಐದು ನಿಮಿಷ ಸುಮ್ಮನೆ ಕಿವಿಗೊಡಿ. ಟಿಣ್ ಟಿಣ್ ಎಂದರೆ ಹಾಯಿ ಏರಿಸುವ ಹಗ್ಗ ಲೋಹದ ಕಂಬಕ್ಕೆ ಬಡಿಯುತ್ತಿದೆ; ಅದನ್ನು ಕಂಬದಿಂದ ದೂರ ಎಳೆದು ಪಕ್ಕಕ್ಕೆ ಕಟ್ಟಿ. ಕಿರ್ ಕಿರ್ ಎನ್ನುವುದು ಒಣ ಫೆಂಡರ್, ಸೋಪಿನ ನೀರು ಹಾಕಿ. ಬಟ್ಟೆಯ ಗವಸು ತೊಡಿಸಿದರೆ ಇನ್ನೂ ಒಳ್ಳೆಯದು. ಹಗ್ಗ ನರಳಿದರೆ ಅದನ್ನೂ ಒದ್ದೆ ಮಾಡಿ. ಲೋಟ, ಚಮಚಗಳ ನಡುವೆ ಟವೆಲ್ ತುರುಕಿ. ಚಪ್ಪಟೆ ಹಿಂಭಾಗದಡಿ ಅಲೆ ಚಪ್ಪರಿಸುವುದಕ್ಕೆ ಮಾತ್ರ ಇಂಥ ಮದ್ದಿಲ್ಲ, ದೋಣಿಯ ಮೂತಿಯನ್ನು ಅಲೆ ಬರುವ ದಿಕ್ಕಿಗೆ ತಿರುಗಿಸಿ ಕಟ್ಟಬೇಕು.

ಮಲಗಲು ನಡುಭಾಗವೇ ಲೇಸು. ಓಲಾಟ ಅಲ್ಲಿ ಕಡಿಮೆ. ವಾಲಿದ ದೋಣಿಯಲ್ಲಿ ತಲೆ ಎತ್ತರದ ಕಡೆಗಿರಲಿ, ಉರುಳದಂತೆ ಹಾಸಿಗೆಯಂಚಿಗೆ ಕ್ಯಾನ್ವಾಸ್ ಅಡ್ಡ ಕಟ್ಟಿ. ಅಕ್ಕಪಕ್ಕದ ದೋಣಿಗಳ ಎಂಜಿನ್ ಹೊಗೆ ಒಳಬರಬಹುದಾದ್ದರಿಂದ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಮೊದಲ ರಾತ್ರಿ ಇನ್ನೂ ಎರಡು ಅಲಾರಂ ಇಡಿ. ರಾತ್ರಿ 10ಕ್ಕೆ ಉಬ್ಬರವಾದರೆ ಒಂದು ಅಲಾರಂ 1ಕ್ಕೆ, ಇನ್ನೊಂದು 4ಕ್ಕೆ. ಎದ್ದು ನಾಲ್ಕೂ ಹಗ್ಗಗಳನ್ನು ಕೈಯಿಂದ ಒತ್ತಿ ನೋಡಿ, ತಂತಿಯಂತೆ ಬಿಗಿದಿದ್ದರೆ ಅರ್ಧ ಮೀಟರ್ ಬಿಡಿ. ಟಾರ್ಚ್ ಮತ್ತು ಹರಿತವಾದ ಚಾಕು ದಿಂಬಿನ ಪಕ್ಕದಲ್ಲಿರಲಿ. ಹಗ್ಗ ಮುಟ್ಟದೆಯೇ ಒಂದು ಪೂರ್ತಿ ಇಳಿತ, ಒಂದು ಪೂರ್ತಿ ಉಬ್ಬರ ಕಳೆದರೆ, ಗಾಳಿ ಏಳದಿದ್ದಲ್ಲಿ, ಮರುರಾತ್ರಿ ನಾಲ್ಕರ ಅಲಾರಂ ಬೇಡ.